ಪುಟಕ್ಕೊಂದು ಮೆಟ್ಟು ಇಳಿದ ಹಾಡು

ಜಗನ್ ಅವರಿಗೆ ಈಗ ನಲವತ್ತಾರು. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ಗೇರ್ ಶಾಫ್ಟ್‌ಗಳ ಅಳತೆ ಪರೀಕ್ಷಿಸುತ್ತಿದ್ದಾರೆ. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ಶಾಫ್ಟಿಗೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ಅವರ ರೂಢಿ. ಎಷ್ಟು ಬೇಡಿಕೊಂಡರೂ ಆ ಬಣ್ಣ ಅಳಿಯುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಹೇಳುವಾಗ ಅವರ ಮುಖದಲ್ಲಿ ಮೆಚ್ಚುಗೆಗಿಂತ ಆಯಾಸವೇ ಹೆಚ್ಚು.

ಇಂಥ ಮನುಷ್ಯ ಬಾಗಲೂರು ರಸ್ತೆಯ ತಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಗಿಟಾರ್ ನುಡಿಸುತ್ತಾರೆ. ಹೊಸೂರು ಸೀಮೆಯ ಕಾರ್ಮಿಕರ ಹವ್ಯಾಸಗಳನ್ನು ದಾಖಲಿಸುವ ಕೆಲಸದ ನಿಮಿತ್ತ ನಾನು ಅವರನ್ನು ಮೂರು ಸಲ ಭೇಟಿಯಾದೆ. ಮೊದಲ ಭೇಟಿಯಲ್ಲಿ ಅವರು ಬಾಯಿ ತೆರೆಯುವ ಮೊದಲೇ ಪತ್ನಿ ವನಿತಾ ಹೇಳಿಕೆ ಕೊಟ್ಟರು:

“ಬರ್ಕೊಳಿ ಸಾರ್. ಆ ಗಿಟಾರಿಗೆ ತಿಂಗ್ಳಿಗೊಂದು ಸಲ ಎಣ್ಣೆ ಒರುಸ್ತಾರೆ. ನನ್ ಹೊಲಿಗೆ ಮಿಷಿನ್ನು ಎರಡು ವರ್ಷದಿಂದ ಕಿರ್ ಅಂತೈತೆ.”

“ಅದುನ್ನ ಬಿಡಿ ಸಾರ್, ವಿಷಯಕ್ಕೆ ಬರನ,” ಎಂದರು ಜಗನ್.

ವಿಷಯ ಬೇರಿಕೆ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ ಆರಂಭವಾಗುತ್ತದೆ. ಜಗನ್ ಹಾಗೂ ನೆರೆಮನೆಯ ಬಾಲಾಜಿ ಏಳನೇ ತರಗತಿಯಲ್ಲಿದ್ದಾಗ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಬಾಲಾಜಿಯ ಮಾವ ಒಂದು ನೀಲಿ ಕ್ಯಾಸೆಟ್ ತಂದುಕೊಟ್ಟಿದ್ದರು. ಮೇಲಿನ ಚೀಟಿ ಹರಿದುಹೋಗಿತ್ತು. ಹಾಡಿದವರು ಯಾರು, ಹಾಡು ಯಾವುದು, ಏನೂ ತಿಳಿಯದು. ಇಂಗ್ಲಿಷ್ ರಾಕ್ ಸಂಗೀತ ಎಂಬುದೂ ಐ.ಟಿ.ಐ. ಸೇರಿದ ಮೇಲೆ ತಿಳಿದದ್ದು. ಇಬ್ಬರೂ ಹಲಸಿನ ಹಲಗೆಗೆ ಸೈಕಲ್ಲಿನ ಬ್ರೇಕ್ ತಂತಿ ಬಿಗಿದು, ಅರ್ಥವಿಲ್ಲದ ಅಕ್ಷರಗಳನ್ನು ಕಿರುಚುತ್ತ ತಿಪ್ಪೆಯ ಪಕ್ಕದ ಬಂಡೆಯ ಮೇಲೆ ಕಚೇರಿ ನಡೆಸುತ್ತಿದ್ದರು. ಕೇಳುಗರು ಎರಡು ಎಮ್ಮೆಗಳು. ಕ್ಯಾಸೆಟ್ಟಿನ ಎರಡನೆಯ ಹಾಡಿನಲ್ಲಿ ಗಿಟಾರ್ ಒಂದೇ ಸುಮಾರು ಎರಡು ನಿಮಿಷ ಮಾತಾಡುತ್ತದೆ. ಅದನ್ನು ಎಂದಾದರೂ ಒಂದು ವೇದಿಕೆಯ ಮೇಲೆ ನುಡಿಸಬೇಕೆಂಬ ಆಸೆ ಜಗನ್‌ಗೆ ಹುಟ್ಟಿದ್ದು ಆ ಬಂಡೆಯ ಮೇಲೆ.

ಇಪ್ಪತ್ತನೇ ವಯಸ್ಸಿನಲ್ಲಿ, ತರಬೇತಿಯ ಭತ್ಯೆ ಕೂಡಿಟ್ಟು ನಿಜವಾದ ಗಿಟಾರ್ ಕೊಂಡರು. ಅಂಗಡಿಯವನು ಟ್ಯಾಬ್ ಬರೆಯುವ ಕ್ರಮವನ್ನು ಒಂದು ಹಾಳೆಯಲ್ಲಿ ತೋರಿಸಿಕೊಟ್ಟ. ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳೇ ಮೆಟ್ಟುಗಳು; ಮೆಟ್ಟು ಇಳಿದರೆ ಸ್ವರವೂ ಇಳಿಯುತ್ತದೆ. ಆರು ತಂತಿಗೆ ಆರು ಗೆರೆ. ತಂತಿಯನ್ನು ಎಷ್ಟನೇ ಮೆಟ್ಟಿನಲ್ಲಿ ಒತ್ತಬೇಕೋ ಆ ಅಂಕಿಯನ್ನು ಗೆರೆಯ ಮೇಲೆ ಬರೆಯುವುದು. ಸ್ವರಜ್ಞಾನ ಬೇಡ, ಅಂಕಿ ಗೊತ್ತಿದ್ದರೆ ಸಾಕು. ಅಳತೆಯ ಮನುಷ್ಯನಿಗೆ ಇದಕ್ಕಿಂತ ಹಿತವಾದ ಸಂಗೀತಶಾಸ್ತ್ರ ಇನ್ನೊಂದಿರಲಾರದು. ಒಂದು ಭಾನುವಾರ ಹಳ್ಳಿಯ ಮನೆಯಲ್ಲಿ ಕೂತು, ಕ್ಯಾಸೆಟ್ಟನ್ನು ಹಿಂದೆ ತಿರುಗಿಸಿ ತಿರುಗಿಸಿ ಕೇಳಿ, ಆ ಎರಡು ನಿಮಿಷವನ್ನು ನೋಟ್‌ಬುಕ್ಕಿನ ಮೂರು ಪುಟಗಳಲ್ಲಿ ಇಳಿಸಿಕೊಂಡರು. ಸಂಜೆಯ ಹೊತ್ತಿಗೆ ಟೇಪು ಯಂತ್ರದೊಳಗೆ ಸಿಕ್ಕಿ ತುಂಡಾಯಿತು. ಬರೆದುದನ್ನು ಮೂಲದೊಡನೆ ತಾಳೆ ನೋಡುವ ಅವಕಾಶ ಮತ್ತೆ ಬರಲಿಲ್ಲ.

ಆ ಮೂರು ಪುಟಗಳನ್ನು ನಾನು ನೋಡಿದ್ದೇನೆ. ಮೊದಲ ಪುಟದ ರಾಗ ಏಳನೇ ಮೆಟ್ಟಿನ ಸುತ್ತ ಸುಳಿಯುತ್ತದೆ. ಎರಡನೆಯ ಪುಟದಲ್ಲಿ ಅದೇ ರಾಗ ಆರನೆಯದಕ್ಕೆ, ಮೂರನೆಯದರಲ್ಲಿ ಐದನೆಯದಕ್ಕೆ ಇಳಿಯುತ್ತದೆ, ನಡೆಯೂ ನಿಧಾನವಾಗುತ್ತದೆ. ಈ ಇಳಿತದ ಬಗ್ಗೆ ಜಗನ್‌ಗೆ ಒಂದು ಸಿದ್ಧಾಂತವೇ ಇತ್ತು.

“ಮನ್ಸನಿಗೆ ದುಃಖ ಒಂದೇ ಸಲಕ್ಕೆ ಬರಲ್ಲ ಸಾರ್, ಮೆಟ್ಟುಮೆಟ್ಟಾಗಿ ಇಳೀತೈತೆ. ಅದುನ್ನ ಗಿಟಾರಲ್ಲಿ ತೋರ್ಸವ್ರೆ. ಎಂಥ ತಲೆ ನೋಡಿ ಅವ್ರುದು!”

ಸಿದ್ಧಾಂತ ಇಪ್ಪತ್ತೈದು ವರ್ಷ ಬಾಳಿತು. ಕಳೆದ ವರ್ಷ ಕಾರ್ಖಾನೆಯ ಫ್ಯಾಮಿಲಿ ಡೇ ಕಾರ್ಯಕ್ರಮಕ್ಕೆ ನೌಕರರೇ ಒಂದು ವಾದ್ಯತಂಡ ಕಟ್ಟಿದರು. ಉತ್ಪಾದನಾ ವಿಭಾಗದ ಯುವ ಇಂಜಿನಿಯರ್ ಸಹನಾ ಹಾಡುವುದು, ಸ್ಟೋರ್ಸಿನ ವೆಂಕಿ ಕೀಬೋರ್ಡ್, ಜಗನ್ ಗಿಟಾರ್. ಒಂದು ಹಾಡು, ಒಂದು ಅವಕಾಶ. ಮೊದಲ ಅಭ್ಯಾಸದಲ್ಲಿ ಜಗನ್ ತಮ್ಮ ಎರಡನೆಯ ಹಾಡಿನ ನಾಲ್ಕು ಸ್ವರ ನುಡಿಸುತ್ತಿದ್ದಂತೆಯೇ ಸಹನಾ ಅದನ್ನು ಗುರುತಿಸಿ, ಮೊಬೈಲಿನಲ್ಲಿ ಹಾಕಿದರು. ಬಾಲ್ಯದ ಹಾಡನ್ನು ಜಗನ್ ಇಪ್ಪತ್ತೈದು ವರ್ಷಗಳ ಮೇಲೆ ಕೇಳಿದರು. ಗಿಟಾರ್ ಭಾಗ ಬಂತು. ಅದು ಎಲ್ಲಿಯೂ ಇಳಿಯಲಿಲ್ಲ; ಏಳನೇ ಮೆಟ್ಟಿನಲ್ಲಿ ಆರಂಭವಾಗಿ ಏಳನೇ ಮೆಟ್ಟಿನಲ್ಲಿಯೇ ಮುಗಿಯಿತು. ಬಳಿಕ ಜಗನ್ ತಮ್ಮ ಮೂರು ಪುಟಗಳನ್ನು ನುಡಿಸಿ ತೋರಿಸಿದರು.

“ಅಣ್ಣಾ, ನಿಮ್ಮ ಹಾಡು ಬೇಸ್‌ಮೆಂಟಿಗೆ ಹೋಗ್ಬುಟ್ಟೈತೆ,” ಎಂದ ವೆಂಕಿ.

“ಜಗನ್ ಸಾರ್,” ಎಂದರು ಸಹನಾ, ಬಹಳ ಮೃದುವಾಗಿ, “ಇದು ಅಳತೆ ತಪ್ಪಿದೆ.”

ಸಹನಾ ಅವರ ವಿಭಾಗದ ಶಾಫ್ಟ್‌ಗಳಿಗೆ ಅತಿ ಹೆಚ್ಚು ಕೆಂಪು ಬಣ್ಣ ಬಳಿದವರು ಜಗನ್ ಎಂಬುದನ್ನು ಇಲ್ಲಿ ದಾಖಲಿಸಬೇಕು. ಕಾರ್ಯಕ್ರಮಕ್ಕೆ ಐದು ವಾರವಿತ್ತು. ಸರಿಯಾದ ಟ್ಯಾಬನ್ನು ಸಹನಾ ಅಂತರ್ಜಾಲದಿಂದ ಮುದ್ರಿಸಿ ಕೊಟ್ಟರು. ಎರಡು ವಾರದಲ್ಲಿ ಕಲಿಯದಿದ್ದರೆ ಗಿಟಾರ್ ಭಾಗವನ್ನು ವೆಂಕಿಯೇ ಕೀಬೋರ್ಡಿನಲ್ಲಿ ನುಡಿಸುವುದೆಂದು ತೀರ್ಮಾನವಾಯಿತು. ಜಗನ್ ಶಿಫ್ಟ್ ಮುಗಿಸಿ ಬಂದು ದಿನವೂ ಕೂತರು. ತಲೆ ಒಪ್ಪಿತು, ಕಣ್ಣು ಒಪ್ಪಿತು, ಬೆರಳು ಒಪ್ಪಲಿಲ್ಲ. ಹಳೆಯ ಎರಡನೇ ಪುಟ ಶುರುವಾಗುತ್ತಿದ್ದ ಜಾಗ ಬಂದೊಡನೆ ಕೈ ತಾನಾಗಿ ಒಂದು ಮೆಟ್ಟು ಜಾರುತ್ತಿತ್ತು.

“ಇಷ್ಟು ವರ್ಷ ತಪ್ಪು ಬಾರ್ಸಿದ್ದೂ ನಾನೇ ಕೇಳ್ದೆ,” ಎಂದರು ವನಿತಾ. “ಈಗ ಸರಿ ಮಾಡ್ಕೊಳೋದೂ ನಾನೇ ಕೇಳ್ಬೇಕು. ತಪ್ಪೇ ವಾಸಿಯಾಗಿತ್ತು.”

ಹದಿಮೂರನೆಯ ದಿನ ಜಗನ್ ಸಹನಾ ಅವರ ಮೇಜಿನ ಮುಂದೆ ನಿಂತು ಡೀವಿಯೇಶನ್ ಕೇಳಿದರು. ಅಳತೆ ತಪ್ಪಿದರೂ ಕೆಲಸಕ್ಕೆ ಬರುವ ವಸ್ತುವನ್ನು, ಬಳಸುವವರ ಸಹಿ ಪಡೆದು ಒಪ್ಪಿಸಿಕೊಳ್ಳುವ ಕಾರ್ಖಾನೆಯ ಕ್ರಮ ಅದು. ಇಪ್ಪತ್ತಮೂರು ವರ್ಷಗಳಲ್ಲಿ ಯಾರಿಗೂ ಸುಲಭವಾಗಿ ಡೀವಿಯೇಶನ್ ಕೊಡದ ಜಗನ್ ಅದನ್ನು ಕೇಳಿದ್ದು ಇದೇ ಮೊದಲು.

ಸಹನಾ ಕುರ್ಚಿಗೆ ಒರಗಿ ಕೂತರು. “ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್. ಫಾರಂ ತುಂಬಿ ಬನ್ನಿ. ನೀವೇ ಕಲಿಸಿದ್ದು.”

ಫಾರಂನಲ್ಲಿ ನಾಲ್ಕು ಕಲಂ: ವ್ಯತ್ಯಾಸವೇನು, ಮೂಲಕಾರಣವೇನು, ಎಷ್ಟು ನಗ, ಮರುಕಳಿಸದಂತೆ ಕೈಗೊಂಡ ಕ್ರಮವೇನು. ಎರಡನೆಯದರಲ್ಲಿ ಜಗನ್ ‘ಗೊತ್ತಿಲ್ಲ’ ಎಂದು ಬರೆದಿದ್ದರು. ಸಹನಾ ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು ಮರಳಿಸಿದರು.

ಹೀಗೆ ಮೂಲಕಾರಣ ಹುಡುಕುತ್ತ ಜಗನ್ ಬೇರಿಕೆಗೆ ಹೋದರು. ಗುಲಾಬಿ ಹೂವಿನ ವ್ಯಾಪಾರದಲ್ಲಿರುವ ಬಾಲಾಜಿ, ಕಟ್ಟು ಕಟ್ಟುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: “ಲೋ, ನಿನ್ ಕಿವೀನೇ ಇಳ್ದಿರ್ಬೇಕು ಕಣ್ಲಾ. ಮೂಲಕಾರಣ ಅಂತ ಅದುನ್ನೇ ಬರಿ.”

ಅಲ್ಲಿಂದ ಹಳ್ಳಿಯ ಮನೆಗೆ. ತಾಯಿ ಮುನಿಗಂಗಮ್ಮನವರಿಗೆ ಎಪ್ಪತ್ತು ದಾಟಿದೆ. ಕಿರಿಯ ಮಗ ರಾಜೇಶನ ಸಂಸಾರದೊಡನೆ ಇದ್ದಾರೆ, ದಿನಕ್ಕೆ ಎರಡು ಸೇರು ಅವರೆಕಾಯಿ ಸುಲಿಯುತ್ತಾರೆ, ಮೂರು ಭಾಷೆಯಲ್ಲಿ ಬೈಯುತ್ತಾರೆ. ಆ ಭಾನುವಾರದ ನೆನಪಿದೆಯೇ ಎಂದು ಮಗ ಕೇಳಿದರು.

“ಇಲ್ದೆ ಏನು? ಕರೆಂಟು ಹೋಗಿತ್ತು. ನೀನು ಆ ಡಬ್ಬಾನ ಸೆಲ್ಲಿನ ಮ್ಯಾಲೆ ಓಡುಸ್ತಿದ್ದೆ. ಅದೂ ಹಳೇ ಸೆಲ್ಲು.”

“ಹಳೇವು ಯಾಕಮ್ಮ? ನಾನು ಹೊಸ್ವು ತಂದಿದ್ನಲ್ಲ.”

“ಹೊಸ್ವು ನಿಮ್ಮಪ್ಪನ ಟಾರ್ಚಿಗೆ ಹಾಕ್ದೆ. ನೀರು ಕಟ್ಟಕ್ಕೆ ಹೋಗೋರಿಗೆ ಬೆಳಕು ಬ್ಯಾಡ್ವಾ? ಟಾರ್ಚಿನಾಗಿದ್ದ ಹಳೇವ್ನ ಬಿಸಿಲಿಗೆ ಇಟ್ಟು, ಕಾಯಿಸಿ, ನಿನ್ ಡಬ್ಬಾಕ್ಕೆ ತುಂಬ್ದೆ. ಬೆಳಿಗ್ಗೆ ಚೆನ್ನಾಗೇ ಕೂಗ್ತಿತ್ತು. ಮಧ್ಯಾನ್ಕೆ ಗೊರ್ ಅನ್ನಕ್ಕೆ ಹತ್ತಿತ್ತು. ನಿಂಗೆ ಕೇಳುಸ್ಲಿಲ್ವಾ?”

ಜಗನ್‌ಗೆ ಕೇಳಿಸಿತ್ತು. ಕೇಳಿಸಿದ್ದನ್ನು ಕೇಳಿಸಿದಂತೆಯೇ ಬರೆದುಕೊಂಡಿದ್ದರು. ಅದೇ ಅನಾಹುತಕ್ಕೆ ಕಾರಣ. ಸೆಲ್ಲು ಸೋತಂತೆಲ್ಲ ಟೇಪು ನಿಧಾನವಾಯಿತು, ನಿಧಾನವಾದಂತೆಲ್ಲ ಸ್ವರ ತಗ್ಗಿತು, ತಗ್ಗಿದ ಸ್ವರಕ್ಕೆ ತಕ್ಕ ಮೆಟ್ಟನ್ನು ಅವರು ಪ್ರಾಮಾಣಿಕವಾಗಿ ದಾಖಲಿಸಿದರು. ದುಃಖದ ಸಿದ್ಧಾಂತ ಅಂದು ಅವರೆಕಾಯಿ ಸಿಪ್ಪೆಯ ಜೊತೆ ತಿಪ್ಪೆ ಸೇರಿತು.

“ಅಂಗಾರೆ ಮೂಲಕಾರಣ ನೀನೇ ಕಣಮ್ಮ.”

“ಏನ್ಲಾ ಅಂದೆ? ಕಾಗ್ದದಾಗೆ ನನ್ ಹೆಸ್ರು ಗಿಸ್ರು ಬರ್ದೀಯ, ಜೋಕೆ.”

ಹೆಸರು ಬರೆಯಲಿಲ್ಲ. ‘ಬಿಸಿಲಿಗೆ ಕಾಯಿಸಿದ ಹಳೆಯ ಸೆಲ್ಲು, ಪರೀಕ್ಷಕನು ಮರುಪರಿಶೀಲನೆ ಮಾಡಿಲ್ಲ’ ಎಂದು ಎರಡನೆಯ ಕಲಂ ತುಂಬಿದರು. ಸಹನಾ ಅದನ್ನು ಓದಿ, ಎದ್ದು ಹೊರಗೆ ಹೋಗಿ, ನಕ್ಕು ಮುಗಿಸಿ ಬಂದರೆಂದು ವೆಂಕಿಯ ಹೇಳಿಕೆ. ಸಹನಾ ಇದನ್ನು ನಿರಾಕರಿಸುತ್ತಾರೆ. ಅವರು ಸಹಿ ಹಾಕಿದ್ದು ಒಂದು ಷರತ್ತಿನ ಮೇಲೆ: ನಗ ಒಂದು, ಅಂದರೆ ಒಂದೇ ಪ್ರದರ್ಶನ; ಇಳಿಯುವಾಗ ಕೀಬೋರ್ಡೂ ಜೊತೆಗೆ ಇಳಿಯಬೇಕು.

“ಇಳಿಸಕ್ಕೆ ಬಟನ್ ಐತೆ ಮೇಡಂ. ಎರಡು ಸಲ ಒತ್ತಿದ್ರೆ ಆಯ್ತು,” ಎಂದ ವೆಂಕಿ. “ನಂಗೆ ಬೆರಳು ಜಾರೋ ಕಷ್ಟ ಇಲ್ಲ.”

ಫ್ಯಾಮಿಲಿ ಡೇ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ, ಕಾರ್ಖಾನೆಯ ಕ್ಯಾಂಟೀನಿನ ಹಿಂದಿನ ಬಯಲಿನಲ್ಲಿ. ಮೂರನೆಯ ಸಾಲಿನಲ್ಲಿ ಮುನಿಗಂಗಮ್ಮ, ವನಿತಾ. ಬಿರಿಯಾನಿಯ ಪಾತ್ರೆಗಳು ಆಗಲೇ ಬಂದಿದ್ದರಿಂದ ಹಿಂದಿನ ಸಾಲುಗಳು ಕುರ್ಚಿಯ ತುದಿಗೆ ಸರಿದಿದ್ದವು. ಹಾಡು ಶುರುವಾಯಿತು. ಗಿಟಾರ್ ಭಾಗ ಬಂದಾಗ ಜಗನ್ ಕಣ್ಣು ಮುಚ್ಚಿಕೊಂಡು ಏಳನೇ ಮೆಟ್ಟಿನಲ್ಲಿ ತೊಡಗಿದರು. ಆರಕ್ಕೆ ಇಳಿದರು, ವೆಂಕಿ ಬಟನ್ ಒತ್ತಿದ. ಐದಕ್ಕೆ ಇಳಿದರು, ವೆಂಕಿ ಮತ್ತೆ ಒತ್ತಿದ. ಅದಾದ ಮೇಲೆ ಕೊನೆಯ ಚರಣವನ್ನು ಸಹನಾ ಎರಡು ಮೆಟ್ಟು ಕೆಳಗಿನಿಂದ ಎತ್ತಿಕೊಳ್ಳಬೇಕಿತ್ತು. ಮೂಲ ಎತ್ತರದ ಅಭ್ಯಾಸದಲ್ಲೆಲ್ಲ ಸೀಳುತ್ತಿದ್ದ ಅವರ ಮೇಲಿನ ಸ್ವರ, ಹಾಡು ತಗ್ಗಿದ್ದರಿಂದ ಅಂದು ಸೀಳಲಿಲ್ಲ. ಜನ ಚಪ್ಪಾಳೆ ಹೊಡೆದರು. ಅದರಲ್ಲಿ ಸ್ವಲ್ಪ ಪಾಲು ಬಿರಿಯಾನಿಯದು ಎಂದು ವನಿತಾ.

ವೇದಿಕೆಯ ಮೆಟ್ಟಿಲಿಳಿದು ಬಂದ ಜಗನ್ ನೇರ ಸಹನಾ ಬಳಿಗೆ ಹೋದರು. “ಹೆಂಗಿತ್ತಮ್ಮ? ಕೊನೇದು ನಿಂಗೇ ಅನುಕೂಲ ಆಯ್ತಲ್ಲ?”

“ಆಯ್ತು ಸಾರ್,” ಎಂದರು ಸಹನಾ, ನೀರು ಕುಡಿಯುತ್ತ. “ಆದ್ರೂ ನಗ ಒಂದು ಅಂತ್ಲೇ ಬರೆದಿದೀನಿ. ಮುಂದಿನ ವರ್ಷಕ್ಕೆ ಸರಿ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ರಿಜೆಕ್ಟ್.”

ವಾದ ಮಾಡಬಹುದಿತ್ತಲ್ಲ ಎಂದು ಕೊನೆಯ ಭೇಟಿಯಲ್ಲಿ ಕೇಳಿದೆ. ಜಗನ್ ನನ್ನನ್ನು ಅನುಕಂಪದಿಂದ ನೋಡಿದರು. “ರೂಲ್ಸು ಸಾರ್. ಅವ್ಳ ಜಾಗ್ದಲ್ಲಿ ನಾನಿದ್ರೂ ಅದೇ ಬರೀತಿದ್ದೆ.” ಬಳಿಕ ಸಹನಾ ಕೊಟ್ಟ ಮುದ್ರಿತ ಹಾಳೆಯನ್ನು ಮುಂದಿಟ್ಟುಕೊಂಡು, ಹಳೆಯ ಎರಡನೇ ಪುಟದ ಜಾಗದವರೆಗೆ ತಪ್ಪಿಲ್ಲದೆ ಬಂದು, ಅಲ್ಲಿ ಜಾರಿ, ನಿಲ್ಲಿಸಿ, ಮೊದಲಿನಿಂದ ತೊಡಗಿದರು. ಒಳಗಿನಿಂದ ವನಿತಾ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.