ಕಂಬಳಿ ಬಿಟ್ಟು ಕೂತ ಸಂಜೆ

ಮೊನ್ನೆ ರಾಯದುರ್ಗದ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಕುರಿಗಾಹಿಯ ಕಂಬಳಿ ಮಳೆಗೆ ನೆಂದಿತ್ತು. ನನ್ನ ಫೋನಿನಲ್ಲಿ ಯಾವುದೋ ಯುದ್ಧ. ಬಾಂಬು ಹಾಕುವುದನ್ನು ನಿಲ್ಲಿಸಿ ಎಂದು ಧರ್ಮಗುರುವೊಬ್ಬರು ಎರಡೂ ದೇಶಗಳನ್ನು ಬೇಡಿಕೊಳ್ಳುತ್ತಿದ್ದರು. ಹಸಿ ಉಣ್ಣೆಯ ವಾಸನೆಗೆ ಗುಮ್ಮಘಟ್ಟದ ಬಳಿಯ ನಮ್ಮ ಪಡಸಾಲೆ ಕಣ್ಣೆದುರು ಬಂತು. ಈಗ ಆ ಪಡಸಾಲೆಯೂ ಇಲ್ಲ, ಮನೆಯೂ ಇಲ್ಲ.

ಬದುವಿಗೋ ಮೇವಿಗೋ ಜಗಳವಾದರೆ ಜನ ಅಜ್ಜನ ಬಳಿ ಬರುತ್ತಿದ್ದರು. ಅಜ್ಜ ಕರಿ ಕಂಬಳಿ ಹಾಸಿ ಕೂರುತ್ತಿದ್ದ. ಅದರ ಮೇಲೆ ಕೂತು ಯಾರೂ ಸುಳ್ಳಾಡುವಂತಿರಲಿಲ್ಲ. ಅಲ್ಲಿ ಆಡಿದ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಅವನಿಗೆ ಅಧಿಕಾರವೇನೂ ಇರಲಿಲ್ಲ. "ಕೊಡಲಿ ಹೊರಗಿಟ್ಟು ಬರ್ರಿ, ಅದಕ್ಕ ಕಿವಿ ಇಲ್ಲ" ಎನ್ನುತ್ತಿದ್ದ. ಕೊಡಲಿ ಹಿಡಿದು ಬಂದವರು ತಲೆ ತಗ್ಗಿಸಿ ಹೋದದ್ದನ್ನು ನಾನು ನೋಡಿದ್ದೇನೆ. ಅಥವಾ ಕೇಳಿ ಕೇಳಿ ನೋಡಿದಂತಾಗಿದೆಯೋ, ಹೇಳಲಾರೆ.

ಕುವೈತಿನಲ್ಲಿ ಯುದ್ಧ ಶುರುವಾದಾಗ ಚಿಕ್ಕಪ್ಪ ಅಲ್ಲಿ ಲಾರಿ ಓಡಿಸುತ್ತಿದ್ದ. ಅವನ ಸುದ್ದಿ ನಿಂತುಹೋಯಿತು. ರೇಡಿಯೋದಲ್ಲಿ ದೊಡ್ಡ ದೊಡ್ಡವರು ಶಾಂತಿಗೆ ಕರೆ ಕೊಡುತ್ತಿದ್ದರು. ಮರುದಿನ ಅಲ್ಲಿ ಇನ್ನಷ್ಟು ಸೈನ್ಯ ಬಂದಿಳಿಯುತ್ತಿತ್ತು. ಬಾಗಿಲು ಕಿರುಗುಟ್ಟಿದರೂ ಮನೆಯವರೆಲ್ಲ ಬೆಚ್ಚುತ್ತಿದ್ದೆವು. ಒಂದು ಸಂಜೆ, ಬದುವಿನ ಜಗಳದವರು ರಾಜಿಯಾಗಿ ಹೊರಟಿದ್ದರು, ಅಜ್ಜ ಇನ್ನೂ ಕಂಬಳಿಯ ಮೇಲೇ ಇದ್ದ. ಚಿಕ್ಕವ್ವ ರೇಡಿಯೋ ಆರಿಸಿ ಅವನೆದುರು ನಿಂತಳು.

"ಇಷ್ಟು ಮಂದಿ ಹೇಳಿದ್ರೂ ಅವ್ರು ಯಾಕ ಕೇಳ್ತಿಲ್ರಿ, ಮಾವ?"

"ಇಲ್ಲಿ ಜಗಳಾಡಿದೋರು ನಾಳೆ ಒಂದೇ ಬಾವಿಗೆ ಬರಬೇಕವ್ವ. ನಾಚಿಕೆ ಇರ್ತೈತಿ. ಅವ್ರು ಯಾರ ಮುಖ ನೋಡಬೇಕು?"

"ಅವ್ರ ಮಾತು ಬಿಡ್ರಿ. ನೀವು ಕಂಬಳಿ ಮ್ಯಾಲ ಕುಂತೀರಲ್ಲ, ಅಲ್ಲಿಂದ್ಲೇ ಹೇಳ್ರಿ. ನಿಮ್ಮ ಮಗ ಬರ್ತಾನಂತ ಹೇಳ್ರಿ."

ಅಜ್ಜ ಕಂಬಳಿಯ ಅಂಚು ಸವರುತ್ತ ಕೂತ. ಊರಿಗೆಲ್ಲ ಮಾತು ಕೊಡುವವರಿಗೆ ಮನೆಯವಳಿಗೆ ಕೊಡಲು ಒಂದು ಮಾತಿಲ್ಲವೇ ಎಂದು ಚಿಕ್ಕವ್ವ ಹಂಗಿಸಿದಳು. ಆ ಮನೆಯಲ್ಲಿ ಅವನಿಗೆ ಹಾಗೆ ಎದುರಾಡಿದವರನ್ನು ನಾನು ಕಂಡಿರಲಿಲ್ಲ. ಅಜ್ಜ ಗೋಡೆ ಹಿಡಿದು ಎದ್ದ. ಕಂಬಳಿಯಿಂದ ಈಚೆ ಬಂದು, ಅವಳ ಹತ್ತಿರ ಬರಿ ನೆಲದ ಮೇಲೆ ಕೂತು, "ಬರ್ತಾನವ್ವ" ಎಂದ.

ಅದು ಗೊತ್ತಿದ್ದು ಆಡಿದ ಮಾತಲ್ಲವೆಂದು ಮಕ್ಕಳಾದ ನಮಗೂ ತಿಳಿಯಿತು. ಚಿಕ್ಕವ್ವ ಅವನ ಪಕ್ಕದಲ್ಲೇ ಕುಸಿದು ಕೂತಳು. ದೀಪ ಹಚ್ಚಲು ಯಾರೂ ಏಳಲಿಲ್ಲ.

ಚಿಕ್ಕಪ್ಪ ಬರಲಿಲ್ಲ. ಆದರೆ ಅಜ್ಜ ಸುಳ್ಳು ಹೇಳಿದ ಎಂಬ ಮಾತನ್ನು ಚಿಕ್ಕವ್ವ ತಾನು ಇರುವವರೆಗೂ ಯಾರ ಬಾಯಲ್ಲೂ ಬರಗೊಡಲಿಲ್ಲ.