ಬಣ್ಣ ಹಚ್ಚದ ಒಂದು ಸರಳು

ತಾಯಮ್ಮನ ಮನೆಯ ಕಿಟಕಿಯಲ್ಲಿ ಒಂದು ಸರಳಿಗಿದ್ದ ಬಣ್ಣ ಇನ್ನೊಂದಕ್ಕಿರಲಿಲ್ಲ. ಒಂದು ನೀಲಿ, ಪಕ್ಕದ್ದು ಕೆನೆಬಣ್ಣ, ಅದರಾಚೆಯದು ಇಟ್ಟಿಗೆಗೆಂಪು. ಜಯನಗರದಲ್ಲಿ ಆಗ ಹೊಸ ಮನೆಗಳು ಏಳುತ್ತಿದ್ದವು. ಅಲ್ಲಿ ಮಿಕ್ಕ ಬಣ್ಣವೆಲ್ಲ ಕೊನೆಗೆ ಈ ಕಿಟಕಿಗೆ ಬರುತ್ತಿತ್ತು. ನಡುವಿನ ಒಂದು ಸರಳು ಮಾತ್ರ ಬರೀ ತುಕ್ಕು. ಬಡಾವಣೆಗೆ ಹೊಸದಾಗಿ ಬಂದವರು ನೋಡಿ ನಗುತ್ತಿದ್ದರು. ನಾವು ನಗುತ್ತಿರಲಿಲ್ಲ.

ಬಡಾವಣೆಗಿಂತ ಮುಂಚೆ ಅಲ್ಲೆಲ್ಲ ತಾಯಮ್ಮನ ಮನೆಯವರ ರಾಗಿ ಹೊಲವಿತ್ತಂತೆ. ಹೊಲ ಹೋದ ಮೇಲೆ ಅವಳು ಹಸು ಸಾಕಿ, ಹೊಲದ ಮೇಲೆ ಎದ್ದ ಮನೆಗಳಿಗೇ ಹಾಲು ಹಾಕುತ್ತಿದ್ದಳು. ಹಾಲು ನೀರಾಗಿದೆ ಎಂದು ಯಾರಾದರೂ ಗೊಣಗಿದರೆ ಮರುದಿನ ಹಸುವನ್ನೇ ಹೊಡೆದುಕೊಂಡು ಬಂದು ಅವರ ಬಾಗಿಲಲ್ಲೇ ಹಾಲು ಕರೆಯುವಷ್ಟು ಜಂಬ. ಆ ಜಂಬ ನನಗೆ ತುಂಬ ಇಷ್ಟ.

ನಾವು ಮನೆ ಕಟ್ಟಿಸಿದ ವರ್ಷ ಕಿಟಕಿ ಬಾಗಿಲುಗಳಿಗೆ ಹಚ್ಚಿ ಒಂದಿಷ್ಟು ಹಸಿರು ಬಣ್ಣ ಉಳಿಯಿತು. ಸಂಕ್ರಾಂತಿ ಹತ್ತಿರವಿತ್ತು. "ಸ್ವಾಮಿ, ನಮ್ ಗೌರಿ ಕೊಂಬಿಗೆ ಒಂಚೂರು ಕೊಡಿ" ಎಂದು ತಾಯಮ್ಮ ಕೇಳಿದಳು. ಅಪ್ಪ ಹಳೆಯ ಡಬ್ಬಕ್ಕೆ ಸ್ವಲ್ಪ ಸುರಿದು ಕೊಟ್ಟು, ಮಿಕ್ಕದ್ದನ್ನು ನಮ್ಮ ಅಟ್ಟಕ್ಕೆ ಹಾಕಿದರು. ಹಬ್ಬದ ಸಂಜೆ ಹಸಿರು ಕೊಂಬಿನ ಗೌರಿಯನ್ನು ಬೀದಿಯೆಲ್ಲ ಮೆರೆಸಿದಳು. ಡಬ್ಬ ಕೊಟ್ಟಿಗೆಯ ಮೂಲೆಯಲ್ಲೇ ಉಳಿಯಿತು. ಗೌರಿಯ ಕರು ಅದನ್ನು ನೆಕ್ಕಿ ಬರಿದು ಮಾಡಿತು. ಕೆಲವೇ ದಿನಗಳಲ್ಲಿ ಅದಕ್ಕೆ ಕಣ್ಣು ಹೋಯಿತು. ಹಲ್ಲು ಕಡಿಯುತ್ತ, ಗೋಡೆಗೆ ಹಣೆಯೊತ್ತಿ ನಿಂತುಬಿಟ್ಟಿತು. ಬಣ್ಣದಲ್ಲಿ ಸೀಸವಿರುತ್ತದೆ, ನಾಲಿಗೆಗೆ ಸಿಹಿ, ದನ ಬಿಡುವುದಿಲ್ಲ ಎಂದರು ದನದ ಡಾಕ್ಟರು. ಕರು ಉಳಿಯಲಿಲ್ಲ.

"ನಾನು ಕೊಡಬಾರದಿತ್ತು ತಾಯಮ್ಮ" ಎಂದರು ಅಪ್ಪ.

"ಕೊಟ್ಟೋರು ನೀವು. ಕೊಟ್ಟಿಗೇಲಿಟ್ಟು ಮರೆತೋಳು ನಾನು" ಎಂದಳು.

ಅಲ್ಲಿಂದ ಮುಂದೆ ಗೌರಿಯ ಕೊಂಬಿಗೆ ಅರಿಸಿನ ಕುಂಕುಮ ಮಾತ್ರ. ಯಾವ ಮನೆಗೆ ಬಣ್ಣದವರು ಬಂದರೂ ಹಾಲಿನ ಚೆಂಬಿನ ಜೊತೆ ಅವಳ ಪ್ರಶ್ನೆಯೂ ಬರುತ್ತಿತ್ತು: "ಉಳಿದಿದ್ದು ಎಲ್ಲಿ ಹಾಕ್ತೀರಿ?" ಚೆನ್ನಾಗಿರುವುದಾದರೆ ಮುಚ್ಚಳ ಬಿಗಿ ಮಾಡಿಸಿ ಅಟ್ಟಕ್ಕೆ ಹಾಕಿಸುತ್ತಿದ್ದಳು, ಇಲ್ಲವೇ ಬೇಕಾದ ಮನೆ ಹುಡುಕಿ ಕೊಡಿಸುತ್ತಿದ್ದಳು. ಯಾರಿಗೂ ಬೇಡವಾದದ್ದನ್ನು ತನ್ನ ಸರಳಿಗೆ ಬಳಿದು ಮುಗಿಸುವಳು. ತಳದ ಗಸಿಗೆ ಮರದ ಹೊಟ್ಟು ಕಲಸಿ, ದನ ಬಾಯಿ ಹಾಕದ ಹಾಗೆ ಸೂರಿನ ಮೇಲೆ ಕಲ್ಲಾಗುವವರೆಗೆ ಒಣಗಿಸುವಳು. ಒಮ್ಮೆ ಒಬ್ಬ ಮೇಸ್ತ್ರಿ ಡಬ್ಬದಲ್ಲಿದ್ದುದನ್ನು ಮೋರಿಗೆ ಸುರಿಯಹೊರಟ. ಮೋರಿಯ ನೀರು ಕೆರೆಗೆ ಹೋಗುತ್ತಿತ್ತು, ಕೆರೆಯಲ್ಲಿ ದನ ನೀರು ಕುಡಿಯುತ್ತಿದ್ದವು.

"ನಿನ್ ಮನೆ ಬಿಂದಿಗೆಗೆ ಸುರಿ ನೋಡಣ!" ಎಂದು ತಾಯಮ್ಮ ಅಡ್ಡ ನಿಂತಳು. ಅವನು ಡಬ್ಬವನ್ನು ಅವಳ ಕೈಗೇ ಕೊಟ್ಟು ಹೋದ.

ನಮ್ಮ ಹಸಿರು ಮಾತ್ರ ಅಟ್ಟದಲ್ಲೇ ಇತ್ತು. ಅವಳು ಕೇಳಲಿಲ್ಲ, ಅಪ್ಪ ಅದರ ಮಾತೆತ್ತಲಿಲ್ಲ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅವಳ ಆರೋಗ್ಯ ಕೆಟ್ಟಿತ್ತು. ಹಸುಗಳನ್ನು ಮಾರಿ, ಚಿಕ್ಕಲಸಂದ್ರದ ಮಗಳ ಮನೆಗೆ ಹೊರಟಿದ್ದಳು. ನೋಡಿಬರಲು ಹೋದರೆ, "ಆ ಹಸಿರು ಐತೇನವ್ವ ಇನ್ನೂ?" ಎಂದಳು. ಓಡಿಹೋಗಿ ಅಟ್ಟದಿಂದ ಇಳಿಸಿ ತಂದೆ. ಮೇಲೆ ದಪ್ಪ ಕೆನೆ ಕಟ್ಟಿದ್ದರೂ ಅಡಿಯಲ್ಲಿ ಬಣ್ಣ ಹಸಿಯಾಗಿಯೇ ಇತ್ತು.

"ಇದನ್ನ ಹಿಂದೆ ಬಿಟ್ಟೋಗಕ್ಕಾಗಲ್ಲ ಕಣವ್ವ. ನಾನೋದ್ರೆ ಯಾರ್ ಕಾಯ್ತಾರೆ?"

ಕೇಳಿದರೂ ಕುಂಚ ನನಗೆ ಕೊಡಲಿಲ್ಲ. ನಡುವಿನ ತುಕ್ಕು ಹಿಡಿದ ಸರಳಿಗೆ ಮೇಲಿಂದ ಕೆಳಗಿನವರೆಗೆ ತಾನೇ ಹಚ್ಚಿದಳು, ಮರುದಿನ ಅದು ಒಣಗಿದ ಮೇಲೆ ಮತ್ತೊಮ್ಮೆ ಹಚ್ಚಿ ಡಬ್ಬ ಬರಿದು ಮಾಡಿದಳು. ತಳದ ಗಸಿಗೆ ಹೊಟ್ಟು ಹಾಕಿ ಕಲಸಿದಳು.

ಅವಳನ್ನು ನಾನು ಕಂಡದ್ದು ಅದೇ ಕೊನೆ. ಮಗಳು ಗಾಡಿ ಬಂತೆಂದು ಕರೆಯುತ್ತಿದ್ದರೂ ಅವಳು ಕಿಟಕಿಯ ಕೆಳಗೆ ದನ ಓಡಿಸುವ ಕೋಲು ಹಿಡಿದು ಕೂತೇ ಇದ್ದಳು. ಕೊಟ್ಟಿಗೆಯಲ್ಲಿ ಒಂದು ದನವೂ ಇರಲಿಲ್ಲ. ಬಣ್ಣ ಒಣಗುವವರೆಗೆ ಅವಳು ಏಳಲಿಲ್ಲ.