ಉಮ್ಸುನಾಯ್ ಹೇಳದ ಹೆಸರು

"ಯಾರು ಕಳ್ಸಿದ್ದು ನಿನ್ನ? ಮುಕಾಶನಾ?"

ಬೆಳಗಿನ ಐದು ಗಂಟೆ. ತೋರು-ಬೆಲ್ ಊರಿನ ಸರ್ಕಾರಿ ಪ್ರೌಢಶಾಲೆಯ ಪಡಸಾಲೆಯಲ್ಲಿ ಎಪ್ಪತ್ತೈದು ವರ್ಷದ ಉಮ್ಸುನಾಯ್ ಮಂಡಿಯೂರಿ ಕುಳಿತು ಒಲೆಯ ಬೂದಿ ತೋಡುತ್ತಿದ್ದಾರೆ. ಹೊರಗೆ ಚಳಿ ಸೊನ್ನೆಯಿಂದ ಇಪ್ಪತ್ತೇಳು ಡಿಗ್ರಿ ಕೆಳಗಿದೆ. ನಾನು ವಾರಪತ್ರಿಕೆಯವನು, ನಿಮ್ಮ ಬಗ್ಗೆ ಬರೆಯಲು ಬಂದಿದ್ದೇನೆ ಎಂದರೆ ಅವರು ತಿರುಗಿಯೂ ನೋಡುವುದಿಲ್ಲ.

"ಒಲೆ ಹಚ್ಚೋಳ ಬಗ್ಗೆ ಏನ್ ಬರೀತಿ ಮಗಾ? ಬರೆಯೋರು ಬಂದಾಗೆಲ್ಲ ಈ ಸ್ಕೂಲಲ್ಲಿ ಯಾರಿಗಾದ್ರೂ ಕೇಡೇ ಆಗಿರೋದು. ಬಕೆಟ್ ಎತ್ತು, ಸುಮ್ನೆ ನಿಂತ್ಕೋಬೇಡ."

ಎತ್ತುತ್ತೇನೆ. ನಂಬುವ ಜಾಯಮಾನ ನನ್ನದೂ ಅಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದರಲ್ಲೇ ಮೂವತ್ತು ವರ್ಷ ಅನ್ನ ತಿಂದವನು ನಾನು. ಇಲ್ಲಿಗೆ ನನ್ನನ್ನು ಕರೆಸಿದ್ದು ಮುಖ್ಯೋಪಾಧ್ಯಾಯಿನಿ ಬೂಸಾರಾ ಅವರ ಪತ್ರ. "ನಮ್ಮ ಶಾಲೆಗೆ ಈ ಮೇ ತಿಂಗಳಲ್ಲಿ ತೊಂಬತ್ತೈದು ತುಂಬುತ್ತದೆ. ಬಾಗಿಲ ಮೇಲೆ ಮೊದಲ ಮೇಷ್ಟರ ಹೆಸರಿನ ಹಲಗೆ ಬರಲಿದೆ. ತಪ್ಪು ಹೆಸರು ಬರಲಿದೆ ಎಂದು ನನಗೆ ಭಯ," ಎಂದು ಅದರಲ್ಲಿತ್ತು.

ಹನ್ನೊಂದು ಕೋಣೆ, ಹನ್ನೊಂದು ಒಲೆ. ಒಂದೊಂದು ಒಲೆಗೆ ಎರಡು ಬಕೆಟ್ ಕಲ್ಲಿದ್ದಲು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ದಿನವೂ ಇದೇ. ಎಂಟಕ್ಕೆ ನಾನೂರ ಹನ್ನೆರಡು ಮಕ್ಕಳು ಬರುವ ಮೊದಲು ಉಮ್ಸುನಾಯ್ ಪ್ರತಿ ಕೋಣೆಗೂ ಹೋಗಿ, ಬಾಗಿಲು ಮುಚ್ಚಿಕೊಂಡು, ಮೂಗರಳಿಸಿ ನಿಲ್ಲುತ್ತಾರೆ. ಚಿಮಣಿ ಕಟ್ಟಿಕೊಂಡರೆ ವಿಷಗಾಳಿ ತುಂಬುತ್ತದೆ. "ಒಲೇನ ನಂಬಬಾರ್ದು. ನಿನ್ನೆ ಚೆನ್ನಾಗಿ ಉರೀತು ಅಂದ್ರೆ ಇವತ್ತು ಇನ್ನೂ ಜಾಸ್ತಿ ಅನುಮಾನ ಪಡ್ಬೇಕು," ಎನ್ನುತ್ತಾರೆ. ಐವತ್ತೈದು ವರ್ಷದಲ್ಲಿ ಇಲ್ಲಿ ಒಂದು ಮಗುವಿಗೂ ತಲೆ ಸುತ್ತಿದ್ದಿಲ್ಲ.

ಈ ಕೆಲಸ ಅವರಿಗೆ ಬಂದದ್ದು ಮಾವನಿಂದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೊಸೆಯಾಗಿ ಬಂದಾಗ ಮಾವ ಇದೇ ಶಾಲೆಯ ಒಲೆ ಹಚ್ಚುತ್ತಿದ್ದರು. ಊರಿಗೆಲ್ಲ ಅವರು ಬರೀ 'ಇದ್ದಿಲಜ್ಜ'. ಮಾವ ಒಂದು ಕೋಣೆಯ ಒಲೆ ಕೆದಕುತ್ತ ಗೋಡೆಗೆ ಕಿವಿ ಕೊಟ್ಟಿರುತ್ತಿದ್ದರಂತೆ. ಪಕ್ಕದ ಕೋಣೆಯ ಮೇಷ್ಟರು ಲೆಕ್ಕ ತಪ್ಪಿದರೆ ಸಲಾಕೆಯಿಂದ ಗೋಡೆಗೆ ಒಂದೇ ಏಟು. ಮೇಷ್ಟರು ಕರಿಹಲಗೆ ಒರೆಸಿ ಮತ್ತೆ ಮಾಡುತ್ತಿದ್ದರು.

"ಒಂದಿನ ಮಾವನ್ನೇ ಕೇಳ್ದೆ, ಅತಾ, ಒಲೆ ಹಚ್ಚೋ ನಿಮ್ಗೆ ಇದೆಲ್ಲ ಹೆಂಗೊತ್ತು ಅಂತ. ಎಂಟು ವರ್ಷ ಜೊತೇಲಿ ಬೂದಿ ತೋಡಿದ್ಮೇಲೆ, ಸಾಯೋ ಚಳಿಗಾಲದಲ್ಲಿ ಹೇಳಿದ್ರು. ಈ ಸ್ಕೂಲು ಶುರು ಮಾಡಿದ್ದೇ ಅವ್ರಂತೆ. ಕುರಿದೊಡ್ಡಿಯಲ್ಲಿ, ಹದಿನಾಲ್ಕು ಮಕ್ಕಳನ್ನ ಇಟ್ಕೊಂಡು. ಸುಣ್ಣ ಬಳಿದ ಒಲೆ ಮೇಲೆ ಇದ್ದಿಲಲ್ಲಿ ಅಕ್ಷರ ಬರ್ದು. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಜನದ್ರೋಹಿ ಅಂತ ಪೊಲೀಸ್ನೋರು ಹಿಡ್ಕೊಂಡು ಹೋದ್ರು. ಹದಿನೆಂಟು ವರ್ಷ ಆದ್ಮೇಲೆ ವಾಪಸ್ ಬಂದ್ರೆ, ಪಾಠ ಮಾಡೋಕೆ ಸರ್ಕಾರದ ಕಾಗದ ಬೇಕು ಅಂದ್ರಂತೆ. ಒಲೆ ಹಚ್ಚೋಕೆ ಯಾವ ಕಾಗದಾನೂ ಬೇಡ್ವಲ್ಲ."

ಹಿಡಿದೊಯ್ದವರ ಮಗ ಎಂದು ತಿಳಿದೀತೆಂಬ ಭಯಕ್ಕೆ, ಮನೆಯವರು ದಾಖಲೆಯಲ್ಲಿ ಮಗನ ಹೆಸರಿನ ಜೊತೆ ತಂದೆಯ ಬದಲು ತಾಯಿಯ ತಂದೆಯ ಹೆಸರು ಸೇರಿಸಿ ಬರೆಸಿದ್ದರು. ಆ ಮಗ, ಉಮ್ಸುನಾಯ್ ಅವರ ಗಂಡ, ತೀರಿಕೊಂಡು ಎಷ್ಟೋ ಕಾಲವಾಯಿತು. ಮಕ್ಕಳಾಗಲಿಲ್ಲ. ಕುರಿದೊಡ್ಡಿಯಲ್ಲಿ ಕಲಿತ ಹದಿನಾಲ್ಕು ಮಂದಿಯೂ ಮಣ್ಣಾಗಿದ್ದಾರೆ. ಇದ್ದಿಲಜ್ಜನ ನಿಜವಾದ ಹೆಸರು ಗೊತ್ತಿರುವವರು ಈಗ ಭೂಮಿಯ ಮೇಲೆ ಒಬ್ಬರೇ, ಆ ಒಬ್ಬರು ಅದನ್ನು ಹೇಳುವ ಹಾಗಿಲ್ಲ. ನಮ್ಮಲ್ಲಿ ಸೊಸೆ ಮಾವನ ಹೆಸರನ್ನು ಬಾಯಲ್ಲಿ ತರುವುದಿಲ್ಲ, ಸತ್ತ ಮೇಲೂ.

ಹಲಗೆಯ ಸಮಿತಿಗೆ ಮುಕಾಶ್ ಅಧ್ಯಕ್ಷರು. ಅದೇ ಮೂವತ್ತೆಂಟರಲ್ಲಿ ಮುಖ್ಯೋಪಾಧ್ಯಾಯರಾದ ಅವರ ಅಜ್ಜನೇ ಮೊದಲ ಮೇಷ್ಟರು ಎಂಬುದು ಅವರ ವಾದ. ಹೋದ ತಿಂಗಳು ಸಮಿತಿ ಉಮ್ಸುನಾಯ್ ಅವರನ್ನು ಕರೆಸಿ ಸಭೆಯ ನಡುವೆ ನಿಲ್ಲಿಸಿತು. ಹೆಸರು ಹೇಳಿ ಎಂದಿತು. ಅವರು ನೆಲ ನೋಡುತ್ತ ನಿಂತರು. ಬರೆದುಕೊಡಿ ಎಂದಿತು. "ಕೈ ಹೇಳಿದ್ರೂ ಬಾಯಿ ಹೇಳ್ದಂಗೇ," ಎಂದು ಪೆನ್ನು ಮುಟ್ಟಲಿಲ್ಲ. 'ಸಾಕ್ಷಿ ಹೆಸರು ಹೇಳಲಿಲ್ಲ' ಎಂದು ಬರೆದುಕೊಂಡು ಕಳಿಸಿದರು. ಊರಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಮುದುಕಿ ತನ್ನ ಮನೆತನದ ಹೆಸರು ಹಾಕಿಸಿಕೊಳ್ಳಲು ಕತೆ ಕಟ್ಟಿದ್ದಾಳೆ ಎಂದು.

ಮುಕಾಶ್ ಅವರನ್ನು ಚಹಾದಂಗಡಿಯಲ್ಲಿ ಹಿಡಿಯುತ್ತೇನೆ. ಸೊಸೆ ಮಾವನ ಹೆಸರು ಹೇಳಲಾರಳು ಎಂದು ನಿಮಗೆ ಗೊತ್ತಿರಲಿಲ್ಲವೇ ಬೈಕೆ, ಎಂದು ಅಣ್ಣನೆಂದೇ ಕರೆದು ಕೇಳಿದರೆ ನಗುತ್ತಾರೆ. "ಅದೆಲ್ಲ ಹಳೇ ಕಾಲದ್ದು ತಮ್ಮಾ. ನಿಜ ಇದ್ರೆ ಹೇಳ್ಬಿಡ್ತಿದ್ಲು." ನಾನು ಇನ್ನೇನೂ ಕೇಳದಿದ್ದರೂ ತಾವಾಗಿ ಸೇರಿಸುತ್ತಾರೆ: "ನಮ್ಮಜ್ಜ ಯಾರ ಹೆಸರನ್ನೂ ಅಳಿಸ್ದೋರಲ್ಲ." ಅಳಿಸಿದ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಬೂಸಾರಾ ಅವರ ಬೀರುವಿನಲ್ಲಿ ಶಾಲೆಯ ಮೊದಲ ಹಾಜರಿ ಪುಸ್ತಕ ಇದೆ ಎಂದು ನನಗೆ ಗೊತ್ತಾದದ್ದು ಆ ಮಾತಿನ ಬೆನ್ನು ಹತ್ತಿ ಹೋದ ಮೇಲೆ.

ಪುಸ್ತಕ ಇಂದಿನ ಲಿಪಿಯಲ್ಲಿಲ್ಲ. ನಮ್ಮಜ್ಜಿ ಕಾಗದ ಬರೆಯುತ್ತಿದ್ದದ್ದು ಆ ಹಳೆಯ ಲಿಪಿಯಲ್ಲೇ ಆದ್ದರಿಂದ ತಡವರಿಸಿ ಓದಬಲ್ಲೆ. ಮೊದಲ ಪುಟದಲ್ಲಿ 'ಮೇಷ್ಟರು' ಎಂಬುದರ ಮುಂದೆ ದಪ್ಪ ಶಾಯಿ ಬಳಿದಿದೆ. ಬೆಳಕಿಗೆ ಹಿಡಿದರೆ ಮೊದಲಲ್ಲಿ 'ತ', ಕೊನೆಯಲ್ಲಿ 'ಬಾಯ್' ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಮುಕಾಶ್ ಅವರ ಅಜ್ಜನ ಹೆಸರಿನಲ್ಲಿ ಇವೆರಡೂ ಇಲ್ಲ. ಆದರೆ ಅಂಥ ಹೆಸರಿನವರು ಈ ಕಣಿವೆಯಲ್ಲಿ ಬೇಕಾದಷ್ಟು ಮಂದಿ.

ಆಮೇಲೆ ನಾನು ಮಾಡಿದ್ದು ಒಳ್ಳೆಯ ಕೆಲಸವಲ್ಲ, ಒಪ್ಪಿಕೊಳ್ಳುತ್ತೇನೆ. ಎರಡನೇ ದಿನ ಬೆಳಗ್ಗೆ ಉಮ್ಸುನಾಯ್ ಏಳನೇ ಒಲೆಗೆ ಕಲ್ಲಿದ್ದಲು ಸುರಿಯುತ್ತಿದ್ದಾಗ, ಯಾವುದೋ ಹಳೆಯ ಪಟ್ಟಿ ಓದುವವನಂತೆ ಗೊಣಗಿದೆ. "ತೊಕ್ತೊಬಾಯ್." ಕಲ್ಲಿದ್ದಲು ಸುರಿಯಿತು. "ತೆಮಿರ್‌ಬಾಯ್." ಸಲಾಕೆ ಆಡಿತು. "ತಿನಿಬಾಯ್."

ಸಲಾಕೆ ನಿಂತಿತು. ಆಕೆ ಎದ್ದರು. ಮಸಿಗೈಯನ್ನು ಮೊಣಕಾಲ ಮೇಲಿಟ್ಟು, ಯಾರೋ ಹಿರಿಯರು ಬಾಗಿಲಲ್ಲಿ ಬಂದು ನಿಂತರೇನೋ ಎನ್ನುವ ಹಾಗೆ ತಲೆ ಬಗ್ಗಿಸಿ ನಮಸ್ಕರಿಸಿದರು. ಮತ್ತೆ ಕುಳಿತು ಕೆಲಸ ಮುಂದುವರಿಸಿದರು. ಬಗ್ಗಿದ್ದು ಅವರಿಗೇ ತಿಳಿಯಿತೋ ಇಲ್ಲವೋ.

ನನಗೆ ಆಗಲೂ ನಂಬಿಕೆ ಬರಲಿಲ್ಲ. ನನ್ನ ಕಳ್ಳಾಟ ಅರಿತು ಬಗ್ಗಿದ್ದರೆ? ಬೂಸಾರಾ ಮೊದಲೇ ಹೇಳಿಕೊಟ್ಟಿದ್ದರೆ? ಆ ಸಂಜೆ ನಾನೇ ಮೂವತ್ತು ಮುದುಕರ ಹೆಸರಿನ ಪಟ್ಟಿ ಮಾಡಿದೆ, ಅದರಲ್ಲಿ 'ಬಾಯ್' ಎಂದು ಮುಗಿಯುವವೇ ಹನ್ನೆರಡು. ಬೆಳಗ್ಗೆ ಅದನ್ನು ಅಲ್ಲೇ ಬಾಗಿಲಲ್ಲಿ ಬೂಸಾರಾ ಕೈಗಿಟ್ಟು, ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿ ಎಂದೆ. ಉಮ್ಸುನಾಯ್ ನಮಗೆ ಬೆನ್ನು ಹಾಕಿ ಗುಡಿಸುತ್ತಿದ್ದರು. ಇಪ್ಪತ್ತೆರಡು ಹೆಸರು ದಾಟಿದರೂ ಪೊರಕೆ ನಿಲ್ಲಲಿಲ್ಲ. ಇಪ್ಪತ್ತಮೂರನೆಯದು ತಿನಿಬಾಯ್. ಪೊರಕೆ ನಿಂತಿತು, ಬೆನ್ನು ಬಾಗಿತು. ಬೂಸಾರಾ ಮುಂದಿನ ಹೆಸರು ಓದಲಾರದೆ ಅಳತೊಡಗಿದರು.

ಆಗ ಉಮ್ಸುನಾಯ್ ತಿರುಗಿ ನನ್ನನ್ನು ನೋಡಿದರು. "ನಿನ್ನೆ ಒಂದು ಸಲ ಸಾಕಾಗ್ಲಿಲ್ವಾ ನಿಂಗೆ? ಕೆಟ್ಟ ಮನುಷ್ಯ ನೀನು."

"ಹೌದು ಅಪಾ, ತಪ್ಪಾಯ್ತಮ್ಮಾ," ಎಂದೆ.

"ಗೊತ್ತಿದ್ದೂ ಬಗ್ಗಿದೆ, ಏನ್ ಮಾಡ್ಲಿ? ಮಾವನ ಹೆಸರು ಕಿವಿಗೆ ಬಿದ್ರೆ ಬಗ್ಬೇಕು ಅಂತ ನಮ್ಮತ್ತೆ ಕಲಿಸಿದ್ದು. ಆ ಹೆಸರು ಕೇಳಿ ಎಷ್ಟು ವರ್ಷ ಆಗಿತ್ತು ಗೊತ್ತಾ? ಅತ್ತೆ ಸಾಯೋವಾಗ ಒಂದ್ಸಲ, ಗುಟ್ಟಾಗಿ, ನನ್ನ ಕಿವಿಯಲ್ಲಿ ಹೇಳಿದ್ರು. ಅವ್ರೂ ಗಂಡನ ಹೆಸರು ಹೇಳಿದ್ದು ಅದೊಂದೇ ಸಲ, ಮಣ್ಣಲ್ಲಿ ಹೋಗ್ಬಾರ್ದು ಅಂತ."

ಸುದ್ದಿ ಕೇಳಿದ ಮುಕಾಶ್ ಅವರಿಗೆ ಮತ್ತೆ ನಗು. "ಮುದುಕಿ ಬಗ್ಗಿದ್ದೆಲ್ಲ ದಾಖಲೆ ಆಗುತ್ತಾ ತಮ್ಮಾ?" ಆಗುವುದಿಲ್ಲ, ನಿಜ. ಸಮಿತಿ ಏನು ಮಾಡುತ್ತದೋ ನನಗೆ ತಿಳಿಯದು, ಒಳ್ಳೆಯದನ್ನೇ ಮಾಡುತ್ತದೆ ಎಂಬ ನಂಬಿಕೆಯಂತೂ ಇಲ್ಲ. ಹಾಗಾಗಿ ಹೆಸರನ್ನು ಇಲ್ಲಿಯೇ ಅಚ್ಚು ಮಾಡಿಸುತ್ತಿದ್ದೇನೆ. ತೋರು-ಬೆಲ್ ಶಾಲೆಯ ಮೊದಲ ಮೇಷ್ಟರು ತಿನಿಬಾಯ್. ಮೇ ತಿಂಗಳಲ್ಲಿ ಹಲಗೆಯ ಮೇಲೆ ಬೇರೆ ಹೆಸರು ಕಂಡರೆ, ಯಾಕೆ ಎಂದು ಓದುಗರು ಕೇಳಲಿ.

ಹೊರಡುವ ದಿನ ಉಮ್ಸುನಾಯ್ ನನ್ನ ಜೇಬಿಗೆ ರೊಟ್ಟಿ ತುರುಕುತ್ತಾರೆ, ಇನ್ನೂ ಅನುಮಾನದ ಕಣ್ಣಲ್ಲೇ. ಸರಿಯಾದ ಹೆಸರಿನ ಹಲಗೆ ಬಂದರೆ ಯಾವ ಬಾಗಿಲ ಮೇಲೆ ಹಾಕಿಸೋಣ ಎಂದು ಬೂಸಾರಾ ಕೇಳುತ್ತಾರೆ.

"ಒಲೆಯಿಂದ ದೂರ ಹಾಕ್ಸಮ್ಮ. ಇಲ್ಲಿ ಮಕ್ಕಳು ಕಂಡಿದ್ದನ್ನೆಲ್ಲ ಗಟ್ಟಿಯಾಗಿ ಓದ್ತಾವೆ. ನಾನೂರ ಹನ್ನೆರಡು ಸಲ ಬಗ್ಗೋಕೆ ನನ್ ಮೊಣಕಾಲಲ್ಲಿ ಆಗುತ್ತಾ?"

ಎಂಟು ಗಂಟೆಯಾಗುತ್ತದೆ. ಶಾಲೆಯ ಗಂಟೆಯಾಗಿ ನೇತುಹಾಕಿದ ರೈಲು ಕಂಬಿಯ ತುಂಡಿಗೆ ಬಾರಿಸಲು ಸಲಾಕೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವರು ನಿಂತು, ನಮ್ಮ ಕಡೆ ನೋಡದೆ ಹೇಳುತ್ತಾರೆ:

"ದೂರ ಬೇಡ. ನಂಗೆ ಕೇಳೋ ಹಂಗೆ ಇಲ್ಲೇ ಹಾಕ್ಸು. ಬಗ್ತೀನಿ."